ಭಂಡಾರ ಒಡೆಯೋಕೆ ಯಾರಿದ್ದಾರೆ?

ಈಚಿನ ವರ್ಷಗಳಲ್ಲಿ ನಮ್ಮ ಮನೆಯ ಭೀಮನ ಅಮಾವಾಸ್ಯೆ ಪೂಜೆ ನೆಲದಿಂದ ಟೇಬಲ್ ಮೇಲೆ ಹತ್ತಿದೆ. ಮಣೆ ಹಾಕಿ ಕೂರಲು ನನ್ನ ಮಂಡಿ ಒಪ್ಪುವುದಿಲ್ಲ. ಕೂತರೂ ಎಬ್ಬಿಸಲು ನಮ್ಮ ಯಜಮಾನರೇ ಬರಬೇಕು, ಅವರ ಸೊಂಟ ನನ್ನ ಮಂಡಿಗಿಂತ ಅತ್ತತ್ತ.

ಮದುವೆಯಾಗಿ ಒಂಬತ್ತು ವರ್ಷ ಮಾಡಿ ಉದ್ಯಾಪನೆ ಮಾಡಿದರೆ ವ್ರತ ಮುಗೀತು ಅಂತ ಲೆಕ್ಕ. ನನ್ನದು ಮುಗಿದು ಎಷ್ಟೋ ಕಾಲವಾಯಿತು. ಆದರೂ ಬಿಟ್ಟಿಲ್ಲ. ಮೊದಮೊದಲು ಅತ್ತೆಯ ಹೆದರಿಕೆ, ಆಮೇಲೆ ರೂಢಿ. ಗಂಡನ ಪಾದಕ್ಕೆ ಹೆಂಡತಿ ಮಾತ್ರ ಬಗ್ಗಬೇಕು ಅನ್ನೋದು ನನಗೆ ಯಾವತ್ತೂ ಪೂರ್ತಿ ಸರಿಬಂದಿಲ್ಲ. ಈಗ ಇಬ್ಬರಿಗೂ ಬಗ್ಗಲು ಆಗುವುದಿಲ್ಲ, ಜಗಳ ತಾನಾಗಿಯೇ ತೀರಿದೆ.

2025ರ ಜುಲೈ 24, ಗುರುವಾರ. ತಂಬಿಟ್ಟಿನ ಎರಡು ದೀಪ ಮಾಡಿದೆ, ಶಿವನದೊಂದು ಪಾರ್ವತಿಯದೊಂದು. ಅರಿಶಿನದ ದಾರಕ್ಕೆ ಒಂಬತ್ತು ಗಂಟು ಹಾಕಿದ್ದು ಅವರು. ನನಗೆ ಕಣ್ಣು ಸಾಲದು. 'ಎಂಟೋ ಒಂಬತ್ತೋ' ಅಂತ ಮೂರು ಸಲ ಎಣಿಸಿದರು. ಗಂಡನ ಪೂಜೆಯ ದಾರಕ್ಕೆ ಗಂಡನೇ ಗಂಟು ಹಾಕೋದು ಯಾವ ಶಾಸ್ತ್ರವೋ!

ತೊಡಕು ಬಂದಿದ್ದು ಭಂಡಾರಕ್ಕೆ. ಕಡುಬಿನೊಳಗೆ ನಾಣ್ಯ ಹುದುಗಿಸಿ ಹೊಸಿಲ ಮೇಲೆ ಇಡಬೇಕು. ಅಣ್ಣನೋ ತಮ್ಮನೋ ಬಂದು ಮೊಣಕೈಯಿಂದ ಗುದ್ದಿ ಒಡೆಯಬೇಕು. ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರು ಹೋದರು. ಉಳಿದವನು ಮಗನ ಜೊತೆ ಹುಬ್ಬಳ್ಳಿಯಲ್ಲಿದ್ದಾನೆ. 'ಇಲ್ಲಿಂದಲೇ ಗುದ್ದಲೇನೇ?' ಅಂತ ಫೋನಿನಲ್ಲಿ ನಕ್ಕ. ನಾನೂ ನಕ್ಕೆ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಕಡುಬು ಮುಟ್ಟಲಿಲ್ಲ.

ವ್ರತದ ಕಥೆ ನಿಮಗೂ ಗೊತ್ತಿರುತ್ತೆ. ಸತ್ತ ರಾಜಕುಮಾರನಿಗೆ ಬಡವರ ಮಗಳನ್ನು ಕೊಟ್ಟು ಮದುವೆ ಮಾಡುತ್ತಾರೆ. ಹೆಣದ ಜೊತೆ ಹೊಳೆಯ ದಡದಲ್ಲಿ ಅವಳನ್ನು ಬಿಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಚಿಕ್ಕವಳಿದ್ದಾಗ ಈ ಭಾಗ ಬಂದರೆ ಅಪ್ಪನ ಮೇಲೆ, ರಾಜನ ಮೇಲೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತೆ. ಅವಳೇನೋ ಅಳುತ್ತಲೇ ಮಣ್ಣಿನಲ್ಲಿ ದೀಪ ಮಾಡುತ್ತಾಳೆ, ಮಣ್ಣಿನಲ್ಲೇ ಕಡುಬು ಮಾಡುತ್ತಾಳೆ. ಒಡೆಯಲು ಅಣ್ಣ ಎಲ್ಲಿ? ಆಗ ದಾರಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ ಬಂದು, ಕೇಳಿ, ತಾವೇ ಭಂಡಾರ ಒಡೆಯುತ್ತಾರೆ. ಅವರು ಶಿವ ಪಾರ್ವತಿ ಅಂತ ಕಥೆ ಕೇಳುವ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳ ಪಾಲಿಗೆ ಯಾರೋ ದಾರಿಹೋಕರು, ಅಷ್ಟೇ.

ಇದನ್ನು ಯಜಮಾನರಿಗೆ ಹೇಳಿದ್ದೇ ತಪ್ಪಾಯಿತು. ಶಲ್ಯ ಹೊದ್ದು ಗೇಟಿನ ಹತ್ತಿರ ನಿಂತೇಬಿಟ್ಟರು. ಆಷಾಢದ ಗಾಳಿ, ಜಿಟಿಜಿಟಿ ಮಳೆ ಬೇರೆ. ಒಳಗೆ ಬನ್ನಿ ಅಂದರೆ 'ಇರು, ಯಾರಾದರೂ ಬರ್ತಾರೆ' ಅಂತಾರೆ. ಹಾಲಿನವನು ಗಾಡಿ ನಿಲ್ಲಿಸಲೇ ಇಲ್ಲ. ಕೊನೆಗೆ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗ ಸಿಕ್ಕಿದ. ಮಂಗಳೂರಿನ ಕಡೆಯವನು, ಕಾಲೇಜಿಗೆ ಹೊರಟಿದ್ದ.

'ನಮ್ಮಲ್ಲಿ ಇವತ್ತು ಆಟಿ ಅಮಾವಾಸ್ಯೆ ಆಂಟಿ. ಹಾಳೆ ಮರದ ಕೆತ್ತೆ ಕಷಾಯ ಕುಡಿಯೋದು, ಕಹಿ ಅಂದ್ರೆ ಕಹಿ. ಇದೆಲ್ಲ ಗೊತ್ತಿಲ್ಲ' ಅಂದ. ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಮೊಣಕೈ ಇದೆಯಲ್ಲ ಸಾಕು ಅಂದೆ.

ಬ್ಯಾಗು ಇಳಿಸಿ ಕೂತು ಗುದ್ದಿದ. ಕಡುಬು ಪಿಚ್ಚನೆ ಒಡೆದು ನಾಣ್ಯ ಉರುಳಿಕೊಂಡು ಹೋಗಿ ಫ್ರಿಜ್ಜಿನ ಅಡಿ ಸೇರಿತು. ತಮ್ಮನಿಗೆ ಕೊಡುವಂತೆ ತಾಂಬೂಲ, ಬೇರೆ ನಾಣ್ಯ ಕೊಟ್ಟು ಅಕ್ಷತೆ ಹಾಕಿದೆ. ಎರಡು ಕಡುಬು ತಿಂದು ಬಸ್ಸಿಗೆ ಓಡಿದ.

ಅಷ್ಟು ಹೊತ್ತಿಗೆ ದೀಪ ಎರಡೂ ಇನ್ನೂ ಉರಿಯುತ್ತಿದ್ದವು. ಫ್ರಿಜ್ಜಿನ ಕೆಳಗಿನ ನಾಣ್ಯ ತೆಗೆಯಲು ಅವರು ಬಗ್ಗಿ ನೋಡಿದರು, ನಾನು ಪೊರಕೆ ಕಡ್ಡಿ ಹಾಕಿ ನೋಡಿದೆ. ಬರಲಿಲ್ಲ. ಇನ್ನೂ ಅಲ್ಲೇ ಇದೆ.