ಆಚಾರ್ರು ಕೊಯ್ದುಕೊಟ್ಟ ಬ್ಲಾಕ್ಸ್

ಅಂಗಡಿಯವರು ಡಬ್ಬಗಳನ್ನು ಸಾಲಾಗಿ ನನ್ನ ಮುಂದೆ ಇಟ್ಟರು. ಒಂದರ ಮೇಲೆ ಕೋಟೆಯ ಚಿತ್ರ, ಇನ್ನೊಂದರ ಮೇಲೆ ಫೈರ್ ಇಂಜಿನ್, ಮತ್ತೊಂದರ ಮೇಲೆ ಇಡೀ ಮೃಗಾಲಯ. ಮೈಸೂರಿನಲ್ಲಿ ನಾನು ಕೆಲಸ ಮಾಡುವ ಡೇಕೇರ್‌ನಲ್ಲಿ ಒಂದೂವರೆ ವರ್ಷದಿಂದ ನಾಲ್ಕು ವರ್ಷದವರೆಗಿನ ಮಕ್ಕಳಿದ್ದಾರೆ. ಹಳೆಯ ಬ್ಲಾಕ್ಸ್ ಅವರ ಹಲ್ಲಿಗೆ ಸಿಕ್ಕಿ ಸಿಕ್ಕಿ ಒಂದಕ್ಕೊಂದು ಕೂರದಂತಾಗಿದ್ದವು. ಹೊಸದು ತರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ನೋಡಿದ್ದು ಐಎಸ್‌ಐ ಗುರುತು. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಇದು ಕಡ್ಡಾಯ. ಆಮೇಲೆ ಗಾತ್ರ. ಮೂರು ವರ್ಷ ತುಂಬದ ಮಕ್ಕಳ ಆಟಿಕೆಯನ್ನು ಪರೀಕ್ಷಿಸಲು ಒಂದು ಪುಟ್ಟ ಕೊಳವೆ ಇರುತ್ತದೆ. ಅದರ ಬಾಯಿ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ತುಂಡು ಮಗುವಿನ ಗಂಟಲಿಗೂ ಇಳಿಯಬಹುದು. ಸಾಮಾನ್ಯ ಲೆಗೊ ಇಟ್ಟಿಗೆ ಅಲ್ಲಿ ಸಲೀಸಾಗಿ ಇಳಿಯುತ್ತದೆ. ಅದೇ ಕಂಪನಿ 1969ರಲ್ಲಿ ತಂದ ಡುಪ್ಲೊ ಇಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಅದರ ಎರಡರಷ್ಟು. ನಾನು ಆ ಗಾತ್ರದ ಬೋಳು ಬ್ಲಾಕ್ಸ್ ಇರುವ ದೊಡ್ಡ ಡಬ್ಬವನ್ನೇ ತೆಗೆದುಕೊಂಡೆ.

ಕೋಟೆ, ಫೈರ್ ಇಂಜಿನ್ ಬೇಡ ಅಂದಾಗ ಅಂಗಡಿಯವರ ಮುಖ ಸಣ್ಣದಾಯಿತು. "ಮಕ್ಕಳಿಗೆ ಇದೇ ಇಷ್ಟ ಆಗೋದು ಮೇಡಂ."

ಇಷ್ಟ ಆಗುತ್ತೆ, ನಿಜ. ತೊಂದರೆ ಇರುವುದೇ ಅಲ್ಲಿ. ಡಬ್ಬದಲ್ಲಿ ಕಿಟಕಿ ಒಂದೇ, ಚಕ್ರವಿರುವ ತುಂಡು ಒಂದೇ. ಜಗಳ ಎಲ್ಲ ಅದಕ್ಕೇ. ನಮ್ಮಲ್ಲಿ ಜಗಳ ಅಂದರೆ ಕಚ್ಚುವುದು, ಸುಮ್ನೆ ಮಾತಲ್ಲ. ಬೋಳು ಕೆಂಪು ಇಟ್ಟಿಗೆಗಾಗಿ ಒಬ್ಬರನ್ನೊಬ್ಬರು ಕಚ್ಚಿದ್ದನ್ನು ನಾನು ಕಂಡಿಲ್ಲ. ಡೇಕೇರ್‌ಗೆ ಬಗೆಬಗೆಯ ತುಂಡು ಬೇಕಿಲ್ಲ. ಒಂದೇ ತರಹದ್ದು ರಾಶಿ ಇರಬೇಕು.

ಮರದ್ದೂ ಸ್ವಲ್ಪ ಬೇಕಿತ್ತು. ಚನ್ನಪಟ್ಟಣಕ್ಕೆ ಹೋಗಿ ಅಂತ ಎಲ್ಲರೂ ಹೇಳಿದರು. ಆಲೆ ಮರಕ್ಕೆ ಅರಗಿನ ಬಣ್ಣ ಹಾಕಿದ ಅಲ್ಲಿಯ ಗೊಂಬೆಗಳು ಅಂದರೆ ನನಗೂ ಪ್ರಾಣ. ಆದರೆ ಆ ಊರಿನ ಕೈಚಳಕ ಇರುವುದು ಮರವನ್ನು ತಿರುಗಿಸಿ ಕಡೆಯುವುದರಲ್ಲಿ. ಬುಗುರಿ, ಗಿಲಕಿ, ಒಂದರ ಮೇಲೊಂದು ಬಳೆ ಹಾಕುವ ಆಟಿಕೆ, ಹೀಗೆ ಗುಂಡಗಿರುವುದೆಲ್ಲ ಅಲ್ಲಿಯದ್ದೇ ಚಂದ. ಪೇರಿಸುವುದಕ್ಕೆ ಚಪ್ಪಟೆ ಮೈ ಬೇಕಲ್ವಾ? ಹಾಗಾಗಿ ನಮ್ಮ ಬೀದಿಯಲ್ಲಿ ಮರಗೆಲಸ ಮಾಡುವ ಆಚಾರ್ರ ಹತ್ತಿರ ಹೋದೆ.

ಅಳತೆ ನನ್ನದಲ್ಲ. ನ್ಯೂಯಾರ್ಕ್‌ನಲ್ಲಿ ಶಾಲೆ ನಡೆಸಿದ ಕ್ಯಾರೊಲಿನ್ ಪ್ರಾಟ್ ಅನ್ನುವವರು ನೂರು ವರ್ಷಕ್ಕೂ ಹಿಂದೆ ಕಂಡುಕೊಂಡದ್ದು. ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು. ಇಂಚಿನಲ್ಲಿ ಹೇಳಿದರೆ 5½ ಉದ್ದ, 2¾ ಅಗಲ, 1⅜ ದಪ್ಪ. ಆಚಾರ್ರು ಚೀಟಿಯನ್ನು ದೂರ ಹಿಡಿದು ಓದಿದರು.

"ಅರ್ಧದ ತುಂಡು ಎರಡು ಸೇರಿಸಿದ್ರೆ ಇಡೀ ತುಂಡಿಗೆ ಸರಿಯಾಗಿ ಬರ್ಬೇಕು ಆಚಾರ್ರೇ. ಇಡೀದನ್ನೇ ಮಧ್ಯಕ್ಕೆ ಕೊಯ್ದರೆ ಆಯ್ತಲ್ಲ?"

"ಬರಲ್ಲಮ್ಮ. ಗರಗಸದ ಬಾಯಿಗೆ ಎರಡು ಎಂಎಂ ಹೋಗುತ್ತೆ. ಅದನ್ನ ಯಾರು ಕೊಡ್ತಾರೆ?"

ಸಿಲ್ವರ್ ಓಕ್‌ನ ಉದ್ದ ಪಟ್ಟಿ ತೆಗೆದರು. ಹಲಗೆಯ ಮೇಲೆ ಅಳೆದು ಒಂದು ಅಡ್ಡಕಟ್ಟಿಗೆ ಹೊಡೆದರು. ಪಟ್ಟಿ ಅದಕ್ಕೆ ತಾಗುವ ತನಕ ಸರಿಸುವುದು, ಕೊಯ್ಯುವುದು, ಮತ್ತೆ ಸರಿಸುವುದು. ಇಡೀ ತುಂಡು ಮುಗಿದ ಮೇಲೆ ಅಡ್ಡಕಟ್ಟಿಗೆಯನ್ನು ಹತ್ತಿರ ತಂದು ಅರ್ಧದ್ದು ಶುರು. ಪ್ರತಿ ತುಂಡಿನ ಅಂಚನ್ನೂ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ತಮ್ಮ ಕೆನ್ನೆಗೆ ಸವರಿ ನೋಡುತ್ತಿದ್ದರು. ವಾರ್ನಿಷ್ ಬೇಡ, ಮಕ್ಕಳು ಬಾಯಿಗೆ ಹಾಕುತ್ತಾರೆ ಅಂದದ್ದು ಮಾತ್ರ ಅವರಿಗೆ ಹಿಡಿಸಲಿಲ್ಲ. "ಬೋಳು ಮರ ಕೊಟ್ಟರೆ ನನ್ನ ಹೆಸರು ಕೆಡುತ್ತೆ" ಅಂತ ಗೊಣಗಿದರು.

ಆಗ ದಸರಾ ಆನೆಗಳು ಊರಿಗೆ ಬಂದಿದ್ದವು. ಜಮಖಾನ ಹಾಸಿ ಬ್ಲಾಕ್ಸ್ ಸುರಿದೆವು. ಟೈಲ್ಸ್ ಮೇಲೆ ಮರ ಬಿದ್ದರೆ ಆಗುವ ಸದ್ದಿಗೆ ಮಲಗಿದ ಕೂಸುಗಳೆಲ್ಲ ಎದ್ದುಬಿಡುತ್ತವೆ. ಯಾರೂ ಮಾಡಿ ತೋರಿಸಬೇಡಿ ಅಂತ ಆಯಾ ಅಕ್ಕಂದಿರಿಗೆ ಮೊದಲೇ ಹೇಳಿದ್ದೆ. ದೊಡ್ಡವರು ಒಂದು ಮನೆ ಕಟ್ಟಿಟ್ಟರೆ ಮಕ್ಕಳು ಕಟ್ಟುವುದು ಬಿಟ್ಟು "ಮಿಸ್, ನಂಗೂ ಮಾಡ್ಕೊಡಿ" ಅಂತ ಸಾಲು ನಿಲ್ಲುತ್ತಾರೆ.

ಎರಡು ವರ್ಷ ಆಗದವರು ಏನೂ ಕಟ್ಟಲಿಲ್ಲ. ಕೈತುಂಬ ಹಿಡಿದು ಆ ಮೂಲೆಯಿಂದ ಈ ಮೂಲೆಗೆ ಸಾಗಿಸಿದರು, ಅಷ್ಟೇ. ಆ ವಯಸ್ಸಿಗೆ ಅದೇ ಆಟ. ಎರಡೂವರೆಯವರು ಸಾಲು ಹಚ್ಚಿದರು, ಪೇರಿಸಿದರು, ಕೆಡವಿ ಕೇಕೆ ಹಾಕಿದರು. ಕಟ್ಟಿದವರೇ ಕೆಡವಬೇಕು ಅನ್ನುವುದೊಂದೇ ನಮ್ಮ ನಿಯಮ. ಅದನ್ನು ಗಂಟೆಗೊಮ್ಮೆ ಹೇಳಬೇಕಾಗುತ್ತದೆ.

ಒಬ್ಬ ಹುಡುಗ, ಮಾತು ಕಡಿಮೆ, ಇನ್ನೂ ನಾಲ್ಕು ತುಂಬಿಲ್ಲ. ಅರ್ಧದ ತುಂಡು ನಾಲ್ಕನ್ನು ಕಾಲಿನಂತೆ ನಿಲ್ಲಿಸಿ ಮೇಲೆ ಒಂದು ಇಡೀ ತುಂಡು ಇಟ್ಟ. ಅದರ ಮೇಲೆ ಹಳದಿ ಪ್ಲಾಸ್ಟಿಕ್ ಇಟ್ಟಿಗೆ. ಪಕ್ಕದ ಹುಡುಗಿ ನೋಡಿದ ತಕ್ಷಣ "ಅಂಬಾರಿ!" ಅಂದಳು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಇನ್ನೊಂದು ಆನೆ ಮಾಡಿದ. ಸಾಲು ಹಚ್ಚುತ್ತಿದ್ದವರ ಸಾಲು ರಸ್ತೆಯಾಯಿತು. ಸಾಗಿಸುತ್ತಿದ್ದ ಪುಟಾಣಿಗಳು ತುಂಡು ತಂದು ತಂದು ಕೊಟ್ಟರು. ಒಂದು ಆನೆ ಯಾರದೋ ಕಾಲು ತಾಗಿ ಬಿತ್ತು. ಅಳು ಬರುವ ಮೊದಲೇ "ಸ್ನಾನಕ್ಕೆ ಮಲಗಿದೆ" ಅಂತ ಆ ಹುಡುಗಿಯೇ ಸಮಾಧಾನ ಹೇಳಿದಳು.

ಮೂರನೆಯ ಆನೆಗೆ ಕಾಲು ಸಾಲಲಿಲ್ಲ. ಅರ್ಧದ ತುಂಡೆಲ್ಲ ಖಾಲಿ. ಪ್ಲಾಸ್ಟಿಕ್ ಇಟ್ಟಿಗೆ ಇಟ್ಟು ನೋಡಿದ, ಎತ್ತರ ಹೊಂದಲಿಲ್ಲ, ಬೆನ್ನು ವಾಲಿತು. ಕರೆದೊಯ್ಯಲು ಬಂದ ಅಪ್ಪ ಬಾಗಿಲಲ್ಲಿ ನಿಂತು, "ಬಾರೋ, ನಾಳೆ ಮಾಡುವಿಯಂತೆ" ಅಂದರು.

"ಬನ್ನಿಮಂಟಪ ಇನ್ನೂ ಬಂದಿಲ್ಲ" ಅಂದ ಹುಡುಗ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನಾನು ಆಚೆ ಹೋಗಿ ಆಚಾರ್ರಿಗೆ ಫೋನ್ ಮಾಡಿ, ಅರ್ಧದ ತುಂಡು ಇನ್ನಷ್ಟು ಜಾಸ್ತಿ ಕೊಯ್ಯಿರಿ ಅಂದೆ.