ಐದರಲ್ಲಿ ಓಡುವ ಫ್ಯಾನ್ ಒಂದರಲ್ಲಿ ಏಕೆ ಹೊರಡುವುದಿಲ್ಲ?

ಐದರಲ್ಲಿಟ್ಟರೆ ಸೀಲಿಂಗ್ ಫ್ಯಾನ್ ತಿರುಗುತ್ತದೆ, ಒಂದರಲ್ಲಿಟ್ಟು ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಾ ನಿಂತೇ ಇರುತ್ತದೆ. ಇಂಥ ದೂರು ಬಂದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ರೆಗ್ಯುಲೇಟರ್‌ಗೆ. ಈಚೆಗೆ ನೋಡಿದ ಒಂದು ಫ್ಯಾನ್‌ಗೂ ಆಗಲೇ ಹೊಸ ರೆಗ್ಯುಲೇಟರ್ ಹಾಕಿಯಾಗಿತ್ತು, ಗುಣ ಮಾತ್ರ ಕಂಡಿರಲಿಲ್ಲ.

ಮೊದಲು ಕರೆಂಟ್ ತೆಗೆದು ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಈ ಫ್ಯಾನ್ ಸದ್ದಿಲ್ಲದೆ ಸುಮಾರು ಸುತ್ತು ಸುತ್ತಿ ನಿಧಾನವಾಗಿ ನಿಂತಿತು, ಅಂದರೆ ಬೇರಿಂಗ್ ಸರಿಯಿದೆ. ತಟ್ಟನೆ ನಿಂತರೆ ಅಥವಾ ಕರಕರ ಅಂದರೆ ಗ್ರೀಸ್ ಒಣಗಿರಬಹುದು ಅಥವಾ ಬೇರಿಂಗ್ ಸವೆದಿರಬಹುದು. ಆಗ ಬೇರಿಂಗ್ ಸರಿಪಡಿಸದೆ ಬೇರೇನು ಮಾಡಿದರೂ ಪ್ರಯೋಜನವಿಲ್ಲ.

ಮತ್ತೆ ಕರೆಂಟ್ ಕೊಟ್ಟು ಒಂದರಲ್ಲಿಟ್ಟು, ಉದ್ದನೆಯ ಒಣ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ನೂಕಿದಾಗ ಫ್ಯಾನ್ ಹೊರಟಿತು, ನಿಲ್ಲಲೂ ಇಲ್ಲ. ಓಡುವ ಶಕ್ತಿಯಿದೆ, ಹೊರಡುವ ಶಕ್ತಿಯಿಲ್ಲ. ಮೋಟಾರ್ ಹೊರಡಲು ನೆರವಾಗುವ ಕೆಪಾಸಿಟರ್ ಎಂಬ ಬಿಡಿಭಾಗ ಸೊರಗಿದಾಗ ಕಾಣುವ ಲಕ್ಷಣ ಇದು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೋಲ್ಟೇಜ್ ಅರ್ಧವಾದರೆ ಬಲ ಕಾಲು ಭಾಗಕ್ಕೆ ಬರುತ್ತದೆ. ಐದರಲ್ಲಿ ಪೂರ್ತಿ ವೋಲ್ಟೇಜ್ ಸಿಗುವುದರಿಂದ ಕೆಪಾಸಿಟರ್‌ನ ದೌರ್ಬಲ್ಯ ಅಷ್ಟಾಗಿ ಕಾಣುವುದಿಲ್ಲ, ಒಂದರಲ್ಲಿ ಬಯಲಾಗುತ್ತದೆ.

ಬಿಚ್ಚುವಾಗ ಗೋಡೆಯ ಸ್ವಿಚ್ ನಂಬಬೇಡಿ, ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಎಂಸಿಬಿಯನ್ನೇ ಇಳಿಸಿ ಟೆಸ್ಟರ್ ಇಟ್ಟು ನೋಡಿ. ಕೆಪಾಸಿಟರ್ ಸಾಮಾನ್ಯವಾಗಿ ಮೋಟಾರಿನ ಮೇಲೆ, ರಾಡ್ ಬುಡದ ಮುಚ್ಚಳದೊಳಗೆ ಇರುತ್ತದೆ. ಅದರಲ್ಲಿ ಚಾರ್ಜ್ ಉಳಿದಿರಬಹುದು, ಹಾಗಾಗಿ ಎರಡೂ ತುದಿಗೆ ಕೆಲವು ಸಾವಿರ ಓಮ್‌ನ ರೆಸಿಸ್ಟರ್ ಮುಟ್ಟಿಸಿ ಖಾಲಿ ಮಾಡಿ. ಈ ಕೆಪಾಸಿಟರ್ ಮೇಲೆ 2.5 ಮೈಕ್ರೋಫ್ಯಾರಡ್ (ಕೆಪಾಸಿಟರ್ ಸಾಮರ್ಥ್ಯದ ಅಳತೆ), ±5% ಎಂದಿತ್ತು. ಅಂದರೆ 2.38ಕ್ಕಿಂತ ಕೆಳಗೆ ಹೋಗಬಾರದು. ಮೀಟರ್ ತೋರಿಸಿದ್ದು 1.6. ನೋಡಲು ಉಬ್ಬಿರಲಿಲ್ಲ, ಸುಟ್ಟಿರಲಿಲ್ಲ. ಅಳೆಯದೆ ಹೊರಗಿನಿಂದ ನೋಡಿ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ಹೊಸದು ಹಾಕುವಾಗ ಅದೇ ಮೌಲ್ಯ, 440 ವೋಲ್ಟ್ ಎಸಿಯದೇ ಇರಲಿ. ಜೋರಾಗಿ ತಿರುಗಲಿ ಎಂದು 4 ಮೈಕ್ರೋಫ್ಯಾರಡ್‌ನದು ಹಾಕಿದರೆ ವೈಂಡಿಂಗ್ ಬಿಸಿಯಾಗಿ ಫ್ಯಾನೇ ಹೋದೀತು. ಹಳೆಯ ವೈರುಗಳು ಎಲ್ಲೆಲ್ಲಿದ್ದವೋ ಹಾಗೇ ಸೇರಿಸಿ. ಅದಲುಬದಲಾದರೆ ಫ್ಯಾನ್ ಹಿಮ್ಮುಖವಾಗಿ ತಿರುಗಬಹುದು.

ಕೆಪಾಸಿಟರ್ ಸರಿಯಿದ್ದೂ ತೊಂದರೆ ಹೋಗದಿದ್ದರೆ ಮಾತ್ರ ರೆಗ್ಯುಲೇಟರ್ ನೋಡಿ. ಹಂತಹಂತವಾಗಿ ಟಕ್ ಎಂದು ತಿರುಗುವ ಬಗೆಯಲ್ಲಿ ಒಳಗಿನ ಕೆಪಾಸಿಟರ್‌ಗಳೇ ವೇಗ ತಗ್ಗಿಸುತ್ತವೆ, ಐದು ಬಹುಮಟ್ಟಿಗೆ ನೇರ ಸಂಪರ್ಕ. ಒಂದೆರಡು ಹಂತ ಮಾತ್ರ ಸತ್ತಿದ್ದರೆ, ಕೋಲಿನಿಂದ ನೂಕಿದರೂ ಫ್ಯಾನ್ ಹೊರಡದೆ ಗುಂಯ್ ಅನ್ನುವ ಸದ್ದೂ ಇಲ್ಲದಿದ್ದರೆ, ದೋಷ ಅಲ್ಲಿಯದೇ. ಒಳಗೇ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಬಿಎಲ್‌ಡಿಸಿ ಫ್ಯಾನ್‌ಗಂತೂ ಇಂಥ ರೆಗ್ಯುಲೇಟರ್ ಹಾಕಲೇಬಾರದು.

ಕೊನೆಗೆ ಐದರಿಂದ ಇಳಿಸಿ ನೋಡಿದರೆ ಸಾಲದು. ಫ್ಯಾನ್ ಪೂರ್ತಿ ನಿಂತ ಮೇಲೆ ಒಂದರಲ್ಲಿಟ್ಟು ಸ್ವಿಚ್ ಹಾಕಿ. ತಾನಾಗಿಯೇ ಹೊರಟರೆ ಕೆಲಸ ಮುಗಿಯಿತು.