ಮ್ಯೂನಿಕ್‌ನ 31ನೇ ನಂಬರಿನ ಕಟ್ಟಡ

ಊರಿನಿಂದ ಮ್ಯೂನಿಕ್‌ಗೆ ಬಂದವರೆಲ್ಲ ಒಲಿಂಪಿಕ್ ಪಾರ್ಕ್ ನೋಡಿ ಖುಷಿಪಡುತ್ತಾರೆ. ಡೇರೆಯಂತೆ ಎಳೆದು ಕಟ್ಟಿದ ಸ್ಟೇಡಿಯಂ ಚಾವಣಿ, ಕೆರೆ, ಗುಡ್ಡ. ಅಲ್ಲಿಂದ ಸ್ವಲ್ಪ ನಡೆದರೆ ಕ್ರೀಡಾಪಟುಗಳಿಗಾಗಿ ಕಟ್ಟಿದ ಒಲಿಂಪಿಕ್ ಗ್ರಾಮ. ಅಲ್ಲಿ ಈಗ ಜನ ಸಂಸಾರ ಮಾಡಿಕೊಂಡಿದ್ದಾರೆ. ಅದರೊಳಗೆ ಕಾನಲಿಸ್ಟ್ರಾಸೆ ಎಂಬ ಬೀದಿಯಲ್ಲಿ 31ನೇ ನಂಬರಿನ ಕಟ್ಟಡ ಇದೆ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೆಲವು ಹೆಸರುಗಳಿವೆ.

1972ರ ಮ್ಯೂನಿಕ್ ಒಲಿಂಪಿಕ್ಸ್ ವೇಳೆ ಇಸ್ರೇಲ್ ತಂಡದ ಗಂಡಸರು ಇಲ್ಲಿ ಇಳಿದುಕೊಂಡಿದ್ದರು. ಹಿಟ್ಲರ್ ಕಾಲದ 1936ರ ಬರ್ಲಿನ್ ಒಲಿಂಪಿಕ್ಸ್ ನೆನಪನ್ನು ಅಳಿಸಬೇಕು ಅಂತ ಜರ್ಮನ್ನರು ಕಾವಲನ್ನು ಬೇಕೆಂದೇ ಸಡಿಲವಾಗಿ ಇಟ್ಟಿದ್ದರು. ಕಾವಲುಗಾರರ ಕೈಯಲ್ಲಿ ಬಂದೂಕು ಇರಲಿಲ್ಲ. ರಾತ್ರಿ ತಡವಾಗಿ ಬರುವ ಆಟಗಾರರು ಬೇಲಿ ಹಾರಿ ಒಳಗೆ ಬರುತ್ತಿದ್ದರು. ಸೆಪ್ಟೆಂಬರ್ 5ರ ನಸುಕಿನಲ್ಲಿ 'ಬ್ಲ್ಯಾಕ್ ಸೆಪ್ಟೆಂಬರ್' ಗುಂಪಿನ 8 ಜನ ಪ್ಯಾಲೆಸ್ಟೀನಿ ಉಗ್ರರು ಬಂದಿದ್ದೂ ಹಾಗೆಯೇ.

ಕುಸ್ತಿ ತೀರ್ಪುಗಾರ ಯೋಸೆಫ್ ಗುಟ್‌ಫ್ರಾಯಿಂಡ್ ತನ್ನ ಮೈಭಾರವನ್ನೆಲ್ಲ ಹಾಕಿ ಬಾಗಿಲು ಒತ್ತಿ ಹಿಡಿದರು. ಅಷ್ಟರಲ್ಲಿ ಒಬ್ಬ ಕೋಚ್ ಕಿಟಕಿಯಿಂದ ಹಾರಿ ಬದುಕಿಕೊಂಡರು. ಕುಸ್ತಿ ಕೋಚ್ ಮೋಶೆ ವೈನ್‌ಬರ್ಗ್, ಭಾರ ಎತ್ತುವ ಯೋಸೆಫ್ ರೊಮಾನೊ ಎದುರು ಬಿದ್ದು ಹೋರಾಡಿ ಸತ್ತರು. ರೊಮಾನೊಗೆ ಆಗ ಮೊಣಕಾಲಿಗೆ ಪೆಟ್ಟಾಗಿ ಊರುಗೋಲು ಹಿಡಿದು ನಡೆಯುತ್ತಿದ್ದರು! ಉಳಿದ 9 ಜನ ಒತ್ತೆಯಾಳುಗಳಾದರು.

ಅವರನ್ನು ಬಿಡಿಸಲು ಹೋಗಿದ್ದು ಓದುವಾಗ ನನಗೆ ಈಗಲೂ ಸಂಕಟ ಆಗುತ್ತದೆ. ಉಗ್ರರಿಗೆ ದೇಶ ಬಿಟ್ಟು ಹೋಗಲು ವಿಮಾನ ಕೊಡುವ ನೆಪದಲ್ಲಿ ರಾತ್ರಿ ಎಲ್ಲರನ್ನೂ ಹೆಲಿಕಾಪ್ಟರ್‌ನಲ್ಲಿ ಫ್ಯುರ್ಸ್ಟನ್‌ಫೆಲ್ಡ್‌ಬ್ರುಕ್ ವಾಯುನೆಲೆಗೆ ತಂದರು. 8 ಉಗ್ರರಿಗೆ ಅಲ್ಲಿ ಕಾದಿದ್ದ, ದೂರದಿಂದ ಗುರಿಯಿಟ್ಟು ಗುಂಡು ಹೊಡೆಯುವ ಪೊಲೀಸರು ಐದೇ ಜನ. ಅವರ ಬಳಿ ವೈರ್‌ಲೆಸ್ ಕೂಡ ಇಲ್ಲ. ಕಾದು ನಿಂತಿದ್ದ ವಿಮಾನದಲ್ಲಿ ಸಿಬ್ಬಂದಿಯ ವೇಷದಲ್ಲಿದ್ದ ಪೊಲೀಸರು ಕೊನೇ ಗಳಿಗೆಯಲ್ಲಿ ಇಳಿದು ಹೋದರು. ಕವಚದ ವಾಹನಗಳು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ತಡವಾಗಿ ಬಂದವು. ನಡುವೆ, ಎಲ್ಲರೂ ಪಾರಾದರು ಅಂತ ಸುದ್ದಿ ಹರಡಿತು. ಮನೆಯವರು ಅದನ್ನು ನಂಬಿದರು. ನಿಜ ಏನೆಂದರೆ ಒಂಬತ್ತೂ ಜನ ಸತ್ತಿದ್ದರು. ಆಂಟನ್ ಫ್ಲೀಗರ್‌ಬಾವರ್ ಎಂಬ ಪೊಲೀಸ್ ಕೂಡ.

ಒಂದು ದಿನದ ಶೋಕದ ನಂತರ ಆಟ ಮತ್ತೆ ಶುರುವಾಯಿತು. ನಮ್ಮ ಹಾಕಿ ತಂಡ ಕಂಚು ಗೆದ್ದಿದ್ದು ಈ ಕೂಟದಲ್ಲೇ. ಅದರಲ್ಲಿ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇದ್ದರು. ಸಾವಿನ ಮರುದಿನಗಳಲ್ಲಿ ಅದೇ ಊರಲ್ಲಿ ಸ್ಟಿಕ್ ಹಿಡಿದು ಮೈದಾನಕ್ಕೆ ಇಳಿಯುವುದು ಸುಲಭವಾಗಿರಲಿಕ್ಕಿಲ್ಲ, ಅಲ್ವಾ?

ಸಿಕ್ಕಿಬಿದ್ದ ಮೂವರು ಉಗ್ರರೂ ಅಕ್ಟೋಬರ್ ಮುಗಿಯುವುದರೊಳಗೆ ಹೊರಗೆ. ಅವರ ಕಡೆಯವರು ಜರ್ಮನಿಯ ಲುಫ್ತಾನ್ಸಾ ವಿಮಾನ ಅಪಹರಿಸಿ ಅವರನ್ನು ಬಿಡಿಸಿಕೊಂಡರು. ಸತ್ತವರ ಮನೆಯವರಿಗೆ ಮಾತ್ರ ದಶಕಗಳ ಅಲೆದಾಟ. ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಂದು ನಿಮಿಷದ ಮೌನಕ್ಕೆ 2021ರ ಟೋಕಿಯೊ ತನಕ ಕಾಯಬೇಕಾಯಿತು. ಜರ್ಮನಿಯ ಅಧ್ಯಕ್ಷ ಸ್ಟೈನ್‌ಮೈಯರ್ ಕ್ಷಮೆ ಕೇಳಿದ್ದು 2022ರಲ್ಲಿ. ಆಗಲೇ 2.8 ಕೋಟಿ ಯೂರೋ ಪರಿಹಾರವೂ ಒಪ್ಪಿತವಾಯಿತು. 50 ವರ್ಷ! ಇಷ್ಟು ಅಚ್ಚುಕಟ್ಟಿನ ದೇಶಕ್ಕೆ ಅಷ್ಟು ಕಾಲ ಯಾಕೆ ಬೇಕಾಯಿತು ಅಂತ ಇಲ್ಲಿನ ಸ್ನೇಹಿತರನ್ನು ನಾನು ಕೇಳುತ್ತಲೇ ಇರುತ್ತೇನೆ.

ಇಲ್ಲಿಗೆ ಬಂದರೆ ಯು3 ರೈಲಿನಲ್ಲಿ ಒಲಿಂಪಿಯಾಸೆಂಟ್ರುಮ್‌ನಲ್ಲಿ ಇಳಿಯಿರಿ. ಪಾರ್ಕ್‌ನ ದಿಬ್ಬವೊಂದನ್ನು ಕೊರೆದು 2017ರಲ್ಲಿ ಸ್ಮಾರಕ ಮಾಡಿದ್ದಾರೆ. ಟಿಕೆಟ್ ಇಲ್ಲ. ಸತ್ತ ಹನ್ನೆರಡೂ ಜನರ ಚಿತ್ರ, ಬದುಕಿನ ಕಥೆ ಅಲ್ಲಿವೆ. ಒಂದೊಂದನ್ನೂ ನಿಂತು ಓದಿ.